ತಾಳಿ ಇಲ್ಲದಿದ್ದರೂ ಮಗುವಿಗೆ ಹಕ್ಕುಂಟು

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಅತ್ತಿಗುಂಡಿ ಸಿಗುತ್ತದೆ. ಸುತ್ತಲೂ ಕಾಫಿ ತೋಟ. ಈ ಸೀಮೆಯ ತೋಟಗಳಿಗೆ ಕೊಯ್ಲಿನ ಕಾಲದಲ್ಲಿ ಹೊರಗಿನಿಂದ ಆಳುಗಳು ಬರುತ್ತಾರೆ, ಕೊಯ್ಲು ಮುಗಿದ ಮೇಲೆ ಹೊರಟುಹೋಗುತ್ತಾರೆ. ಇಂಥ ತೋಟವೊಂದರ ಲೈನು ಮನೆಯಲ್ಲಿ ಹುಡುಗ ಹುಡುಗಿ ಕೂಡಿ ಬಾಳಿದರು, ಮದುವೆಯಾಗುವ ಮೊದಲೇ ಆಕೆ ಬಸುರಾದಳು, ಅವನು ಊರು ಬಿಟ್ಟ ಎಂದು ಇಟ್ಟುಕೊಳ್ಳಿ. ಹುಟ್ಟುವ ಮಗು ಯಾರದು? ಅದರ ಹಾಲು, ಬಟ್ಟೆ, ಶಾಲೆಯ ಖರ್ಚು ಯಾರ ಹೊಣೆ?

ಊರಿನ ಬಾಯಿ ಕೊಡುವ ಉತ್ತರ ಎಲ್ಲರಿಗೂ ಗೊತ್ತು. ಕಾನೂನಿನ ಉತ್ತರ ಮಾತ್ರ ಬೇರೆ. ವಿವಾಹದ ಹೊರಗೆ ಹುಟ್ಟಿದ ಮಗುವಿಗೂ ತಂದೆ ಜೀವನಾಂಶ ಕೊಡಬೇಕೆಂಬ ನಿಯಮ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. 1973ರ ಸಂಹಿತೆಯಲ್ಲಿ ಅದು 125ನೇ ಕಲಮಾಯಿತು. 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ತಿಂಗಳಿಗೆ 500 ರೂಪಾಯಿಯ ಮಿತಿಯೊಂದಿತ್ತು. 2001ರಲ್ಲಿ ಅದನ್ನು ತೆಗೆದುಹಾಕಿದರು. ತಾಯಿಗೆ ಹೆಂಡತಿಯೆಂಬ ಹಕ್ಕು ಇಲ್ಲದಿರಬಹುದು, ಮಗುವಿನ ಹಕ್ಕಿಗೆ ಅದರಿಂದ ಕುಂದಿಲ್ಲ.

‘ಮಗು ನನ್ನದಲ್ಲ’ ಎಂದು ಅವನು ಕೈ ಝಾಡಿಸಿದರೆ? ಹಿಂದೆ ರಕ್ತದ ಗುಂಪು ನೋಡುತ್ತಿದ್ದರು. ಎಬಿ ಗುಂಪಿನ ತಂದೆಗೆ ಒ ಗುಂಪಿನ ಮಗು ಹುಟ್ಟುವುದು ತೀರ ಅಪರೂಪ ಎಂಬುದನ್ನು ಜೀವಶಾಸ್ತ್ರ ಓದಿದ ವಿದ್ಯಾರ್ಥಿಗಳು ಬಲ್ಲರು. ಆದರೆ ರಕ್ತದ ಗುಂಪು ‘ಇವನಲ್ಲ’ ಎನ್ನಬಲ್ಲದು, ‘ಇವನೇ’ ಎನ್ನಲಾರದು. ಆ ಶಕ್ತಿ ಬಂದದ್ದು ಡಿಎನ್‌ಎ ಬೆರಳಚ್ಚಿನಿಂದ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ 1984ರಲ್ಲಿ ಇದನ್ನು ಕಂಡುಹಿಡಿದರು. ಮಗುವಿನ ಡಿಎನ್‌ಎ ಪಟ್ಟೆಗಳಲ್ಲಿ ತಾಯಿಯಿಂದ ಬಂದವನ್ನು ಬಿಟ್ಟು ಉಳಿದವೆಲ್ಲ ತಂದೆಯಲ್ಲಿ ಇರಲೇಬೇಕು. ಲೆಕ್ಕ ಇಷ್ಟೇ.

ಭಾರತದ ನ್ಯಾಯಾಲಯ ಈ ಲೆಕ್ಕವನ್ನು ಮೊದಲು ಒಪ್ಪಿದ್ದು ಕೊಲೆ ಮೊಕದ್ದಮೆಯಲ್ಲಲ್ಲ, ಇಂಥದೇ ಒಂದು ಮಗುವಿನ ಜೀವನಾಂಶದ ಪ್ರಕರಣದಲ್ಲಿ. ಅದು ಕಾಸರಗೋಡಿನಿಂದ ದಕ್ಷಿಣಕ್ಕೆ ಹೋದರೆ ಸಿಗುವ ತಲಶ್ಶೇರಿಯಲ್ಲಿ ನಡೆಯಿತು. ತಂದೆ ನಾನಲ್ಲ ಎಂದವನ ರಕ್ತ ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯಕ್ಕೆ ಹೋಯಿತು. ಡಾ. ಲಾಲ್‌ಜಿ ಸಿಂಗ್ ಪರೀಕ್ಷಿಸಿ, ಅವನೇ ತಂದೆ ಎಂದು ಸಾಕ್ಷ್ಯ ಹೇಳಿದರು. 1991ರಲ್ಲಿ ಕೇರಳ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸ್ವಾರಸ್ಯವೆಂದರೆ, ಲಾಲ್‌ಜಿ ಸಿಂಗ್ ಬೆಳೆಸಿದ ಈ ವಿಧಾನದ ಡಿಎನ್‌ಎ ಶೋಧಕ ಮೂಲತಃ ದೊರೆತದ್ದು ಪಟ್ಟೆ ಕಟ್ಟುಹಾವಿನಲ್ಲಿ!

ಹಾಗೆಂದು ಕೇಳಿದವರಿಗೆಲ್ಲ ನ್ಯಾಯಾಲಯ ಈ ಪರೀಕ್ಷೆಗೆ ಆದೇಶಿಸುವುದಿಲ್ಲ. ಬಲವಾದ ಕಾರಣ ಬೇಕು, ಯಾರ ರಕ್ತವನ್ನೂ ಬಲವಂತದಿಂದ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಆದೇಶವಾದ ಮೇಲೂ ಒಲ್ಲೆ ಎಂದವನ ವಿರುದ್ಧ ನ್ಯಾಯಾಧೀಶರು ತೀರ್ಮಾನಕ್ಕೆ ಬರಬಹುದು.

ಮಗು ಯಾರ ಬಳಿ ಇರಬೇಕು ಎಂಬುದು ಇನ್ನೊಂದು ಪ್ರಶ್ನೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ ಪ್ರಕಾರ ಇಂಥ ಮಗುವಿಗೆ ಮೊದಲ ಪಾಲಕಳು ತಾಯಿ, ಅವಳ ನಂತರ ತಂದೆ. ದೆಹಲಿಯ ಕ್ರೈಸ್ತ ತಾಯಿಯೊಬ್ಬಳು ತಂದೆಯ ಹೆಸರು ಹೇಳಲು ಒಪ್ಪದೆ ಕೆಳಗಿನ ನ್ಯಾಯಾಲಯಗಳಲ್ಲಿ ಸೋತಿದ್ದಳು. 2015ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅವಳ ಪರ ನಿಂತಿತು. ತಂದೆಗೆ ನೋಟಿಸು ಕೊಡದೆಯೂ ಆಕೆ ಪಾಲಕಳಾಗಬಹುದು ಎಂದಿತು. ಹಾಗಾದರೆ ಮಗುವನ್ನು ಬಯಸುವ ತಂದೆ? ಅವನಿಗೂ ನ್ಯಾಯಾಲಯದ ಬಾಗಿಲು ಮುಚ್ಚಿಲ್ಲ; ಆದರೆ ಅಲ್ಲಿ ನೋಡುವುದು ಮಗುವಿನ ಹಿತವನ್ನು. ಹಣ ಕೊಟ್ಟ ಮಾತ್ರಕ್ಕೆ ಮಗುವನ್ನು ಒಯ್ಯುವ ಹಕ್ಕು ಬರುವುದಿಲ್ಲ.

ಇನ್ನು ಅತ್ತಿಗುಂಡಿಯ ನಮ್ಮ ಕಲ್ಪನೆಯ ಹುಡುಗಿ. ಅವನು ಯಾವ ರಾಜ್ಯಕ್ಕೆ ಹೋಗಿದ್ದರೂ ಅವಳು ಬಸ್ಸು ಹತ್ತಿ ಹುಡುಕಬೇಕಿಲ್ಲ. ಇಬ್ಬರೂ ಕೊನೆಗೆ ಎಲ್ಲಿ ಜೊತೆಗಿದ್ದರೋ ಆ ಜಿಲ್ಲೆಯಲ್ಲೇ ಜೀವನಾಂಶದ ಅರ್ಜಿ ಹಾಕಬಹುದು. ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿದರೆ ವಕೀಲರ ನೆರವು ಉಚಿತ. ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲ. ಹೆರಿಗೆಯಾದ 21 ದಿನಗಳೊಳಗೆ ಜನನ ನೋಂದಣಿಯನ್ನು ಮರೆಯಬಾರದು. ಒಂಟಿ ತಾಯಿ ಪ್ರಮಾಣಪತ್ರ ಕೇಳಿದರೆ ಅಫಿಡವಿಟ್ ಒಂದನ್ನು ಪಡೆದು ಕೊಡಬೇಕೆಂದು ಅದೇ 2015ರ ತೀರ್ಪು ಅಧಿಕಾರಿಗಳಿಗೆ ಹೇಳಿದೆ.