ಚಾರ್ಜಿಗೆ ಹಾಕುವ ಮುನ್ನ

ಮೈಸೂರಿನ ಗೋಕುಲಂ ಮುಖ್ಯರಸ್ತೆ ಬಿಟ್ಟು ಯಾವ ಅಡ್ಡರಸ್ತೆಗೆ ತಿರುಗಿದರೂ ಗೇಟುಗಳ ಮುಂದೆ ಸ್ಕೂಟರುಗಳು ಸಾಲಾಗಿ ನಿಂತಿರುತ್ತವೆ. ಕೆಲವು ಮನೆಯವರವು, ಕೆಲವು ಬಾಡಿಗೆಗೆ ಕೊಡುವವು. ಯೋಗ ಕಲಿಯಲು ಹೊರದೇಶಗಳಿಂದ ಬರುವವರು ಇವನ್ನು ತಿಂಗಳ ಲೆಕ್ಕದಲ್ಲಿ ಹಿಡಿಯುತ್ತಾರೆ. ಅವರು ಊರಿಗೆ ಹೊರಟ ಮೇಲೆ ಗಾಡಿ ಕವರ್ ಹೊದ್ದು ಮೂಲೆಗೆ ಸೇರುತ್ತದೆ. ಹೀಗೆ ನಿಂತ ಗಾಡಿಯಲ್ಲಿ ಮೊದಲು ಸೋಲುವುದು ಬ್ಯಾಟರಿ. ಬಳಸದಿದ್ದರೂ ಅದರ ಚಾರ್ಜು ತಾನಾಗಿ ಇಳಿಯುತ್ತಿರುತ್ತದೆ. ಇಳಿದಲ್ಲೇ ಬಿಟ್ಟರೆ ಪ್ಲೇಟುಗಳ ಮೇಲಿನ ಸೀಸದ ಸಲ್ಫೇಟು ಗಟ್ಟಿಯಾಗಿ, ಆಮೇಲೆ ಎಷ್ಟು ಕರೆಂಟು ಕೊಟ್ಟರೂ ಕರಗುವುದಿಲ್ಲ.

ನಾನು ನೋಡಲು ಹೋದ ವರ್ಕ್‌ಶಾಪ್ ಇಂಥದೇ ಒಂದು ಅಡ್ಡರಸ್ತೆಯಲ್ಲಿದೆ. ಎರಡು ಶಟರಿನ ಜಾಗ. ಒಂದು ಶಟರಿನ ಒಳಗೆ ಕೌಂಟರು, ಹೊಸ ಬ್ಯಾಟರಿಗಳ ರ‍್ಯಾಕು. ಇನ್ನೊಂದರ ಒಳಗೆ ಚಾರ್ಜಿಂಗ್. ನಡುವೆ ಬಾಗಿಲಿಲ್ಲದ ಗೋಡೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ರಸ್ತೆಗೆ ಇಳಿದೇ ಹೋಗಬೇಕು. ಮೊದಲಿಗೆ ಇದು ಅನನುಕೂಲ ಅನ್ನಿಸಿತು. ಕಟ್ಟಡ ಮೊದಲೇ ಹಾಗಿತ್ತೋ, ಬೇಕೆಂದೇ ಹಾಗೆ ಮಾಡಿಸಿದರೋ ನಾನು ಕೇಳಲಿಲ್ಲ. ಆದರೆ ದೇವರ ಫೋಟೊ ನೋಡಿದ ಮೇಲೆ ಅದರ ಅನುಕೂಲ ಹೊಳೆಯಿತು. ಫೋಟೊ ಇರುವುದು ಕೌಂಟರಿನ ಕಡೆ. ಬೆಳಗಿನ ಊದುಬತ್ತಿಯನ್ನು ಅಲ್ಲೂ ಹಚ್ಚದೆ ಹೊರಗೆ, ಮೆಟ್ಟಿಲ ಪಕ್ಕದ ತುಳಸಿ ಕುಂಡದಲ್ಲಿ ಸಿಕ್ಕಿಸಿದ್ದರು. ಊದುಬತ್ತಿಗೆ ಹೆಸರಾದ ಊರಿನಲ್ಲಿ ಅಂಗಡಿಯೊಳಗೆ ಅದಕ್ಕೆ ಜಾಗವಿಲ್ಲ. ದಸರಾದಲ್ಲಿ ಆಯುಧಪೂಜೆಯ ದಿನ ಹೇಗೆ ಎಂದೆ. “ಹಿಂದಿನ ರಾತ್ರೀನೇ ಎಲ್ಲಾ ಚಾರ್ಜರ್ ಆಫ್ ಸಾರ್. ಶಟರ್ ಪೂರ್ತಿ ಎತ್ತಿ ಗಾಳಿ ಆಡಿದ ಮೇಲೇನೇ ಕರ್ಪೂರ. ಅದೂ ಹೊರಗಡೆ” ಎಂದರು ಯಜಮಾನರು.

ಕಾರಣ ಹೈಡ್ರೋಜನ್. ಚಾರ್ಜು ತುಂಬುತ್ತ ಬಂದಾಗ ಬ್ಯಾಟರಿಯೊಳಗಿನ ನೀರು ಒಡೆದು ಹೈಡ್ರೋಜನ್, ಆಮ್ಲಜನಕ ಎರಡೂ ಗುಳ್ಳೆಗಳಾಗಿ ಮೇಲೇಳುತ್ತವೆ. ಗಾಳಿಯಲ್ಲಿ ಹೈಡ್ರೋಜನ್ ಶೇಕಡ 4ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬ್ಯಾಟರಿ ಸಿಡಿದರೆ ಪೆಟ್ಟಿಗೆಯ ಚೂರಿನ ಜೊತೆ ಆ್ಯಸಿಡ್ಡೂ ಮುಖಕ್ಕೆ ಬರುತ್ತದೆ.

ಒಳಗೆ ಹೋಗುವ ಮೊದಲೇ, ರಸ್ತೆಯಂಚಿನಲ್ಲಿ ಒಂದು ಸ್ಕೂಟರಿನಿಂದ ಬ್ಯಾಟರಿ ಬಿಚ್ಚುತ್ತಿದ್ದ ಹುಡುಗನ ಬಳಿ ನಿಂತೆ. ಮೊದಲು ಕೀ ತೆಗೆದು ಸೀಟಿನ ಮೇಲಿಟ್ಟ. ಕಾಲಿಡುವ ಜಾಗದ ಮುಚ್ಚಳ ಬಿಚ್ಚಿ ಕಪ್ಪು ವೈರು, ಅಂದರೆ ಮೈನಸ್ಸನ್ನು, ಮೊದಲು ಕಳಚಿ ಪಕ್ಕಕ್ಕೆ ಬಗ್ಗಿಸಿದ. ಆಮೇಲೆ ಕೆಂಪು. ಗಾಡಿಯ ಮೈಯೆಲ್ಲ ಮೈನಸ್ಸಿಗೆ ಸೇರಿರುತ್ತದೆ. ಪ್ಲಸ್ಸನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಾಗಿದರೆ ಅಲ್ಲೇ ಶಾರ್ಟು. ಮೈನಸ್ ಮೊದಲೇ ಬಿಚ್ಚಿದ್ದರೆ ಸ್ಪ್ಯಾನರ್ ಚಾಸಿಗೆ ತಾಗಿದರೂ ಏನೂ ಆಗದು. ಕೂರಿಸುವಾಗ ಇದರ ತಿರುಗುಮುರುಗು: ಪ್ಲಸ್ ಮೊದಲು, ಮೈನಸ್ ಕೊನೆಗೆ. ಹುಡುಗನ ಕೈಯಲ್ಲಿ ಉಂಗುರವಾಗಲಿ ವಾಚಾಗಲಿ ಇರಲಿಲ್ಲ; ಮಾತಾಡುತ್ತಿದ್ದರೂ ಕೈ ಅದೇ ವರಸೆಯಲ್ಲಿ ಓಡುತ್ತಿತ್ತು.

ಗಾಡಿಯ ಯಜಮಾನಿಗೆ ಒಂದು ಅನುಮಾನವಿತ್ತು. ಹಳೆಯ ಸ್ಕೂಟರಿನಲ್ಲಿ ಬ್ಯಾಟರಿ ಸತ್ತಿದ್ದರೂ ಕಿಕ್ ಹೊಡೆದರೆ ಹೊರಡುತ್ತಿತ್ತು, ಇದು ಯಾಕೆ ಅಲುಗಾಡುವುದೇ ಇಲ್ಲ ಎಂದು. ನ್ಯಾಯವಾದ ಪ್ರಶ್ನೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಹೊಸ ಸ್ಕೂಟರುಗಳು ಬಹುತೇಕ ಕಾರ್ಬೊರೇಟರ್ ಬಿಟ್ಟು ಫ್ಯೂಯಲ್ ಇಂಜೆಕ್ಷನ್‌ಗೆ ಹೋದವು. ಪೆಟ್ರೋಲ್ ಚಿಮ್ಮಿಸುವ ಪಂಪಿಗೂ ಕರೆಂಟು ಬೇಕು; ಬ್ಯಾಟರಿ ಪೂರ್ತಿ ಇಳಿದಿದ್ದರೆ ಕಿಕ್ ಇದ್ದರೂ ಕಷ್ಟ. ಅದಕ್ಕೂ ಮೊದಲು, 2017ರಿಂದ, ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಹಗಲಲ್ಲೂ ಉರಿಯುವುದು ಕಡ್ಡಾಯವಾಯಿತು. ಕೈಯಲ್ಲಿ ಹಿಡಿಸುವಷ್ಟು ಚಿಕ್ಕ ಡಬ್ಬಿಯ ಮೇಲೆ ಈಗ ಹೊರೆ ಜಾಸ್ತಿ.

ಚಾರ್ಜಿಂಗ್ ಕಡೆಯ ಶಟರಿನೊಳಗೆ ಕಾಲಿಟ್ಟಾಗ ಮೂಗಿಗೆ ಹುಳಿಹುಳಿ ವಾಸನೆ ಬಂತು. ಬಾಗಿಲ ಬಲಕ್ಕೆ ಮೊದಲ ಮೇಜು. ಇಲ್ಲಿ ಬಂದ ಬ್ಯಾಟರಿಯ ಮೇಲೆ ಗಾಡಿ ನಂಬರು, ತಾರೀಖು, ವೋಲ್ಟು ಮೂರನ್ನೂ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಮಲ್ಟಿಮೀಟರಿನ ಎರಡು ಕಡ್ಡಿ ಮುಟ್ಟಿಸಿದಾಗ ಆ ಸ್ಕೂಟರಿನ ಬ್ಯಾಟರಿ 11.7 ತೋರಿಸಿತು. 12 ವೋಲ್ಟಿನ ಬ್ಯಾಟರಿ ಎನ್ನುತ್ತೇವಾದರೂ ಅದರೊಳಗೆ ಆರು ಸೆಲ್ಲುಗಳಿದ್ದು, ಒಂದೊಂದೂ ಸುಮಾರು 2.1 ವೋಲ್ಟು ಕೊಡುತ್ತದೆ. ಹಾಗಾಗಿ ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6ರಿಂದ 12.7 ಇರಬೇಕು. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗೆ ಹೋಯಿತೆಂದರೆ ಖಾಲಿ ಎಂದೇ ಲೆಕ್ಕ. 10.5ರ ಸುತ್ತಮುತ್ತ ನಿಂತಿದ್ದರೆ ಮಾತ್ರ ಯಜಮಾನರ ಮುಖ ಗಂಭೀರವಾಗುತ್ತದಂತೆ. ಹೆಚ್ಚಿನ ಪಾಲು ಆರರಲ್ಲಿ ಒಂದು ಸೆಲ್ ಹೋಗಿರುತ್ತದೆ. “ಅದನ್ನ ಚಾರ್ಜಿಗೆ ಹಾಕಿದ್ರೆ ಉಳಿದ ಐದಕ್ಕೂ ಏಟು. ಬಿಸಿ ಆಗುತ್ತೆ, ಊದಿಕೊಳ್ಳುತ್ತೆ.”

ವೋಲ್ಟಿಗಿಂತ ಮೊದಲು ಕಣ್ಣಿನ ಪರೀಕ್ಷೆ. ಪೆಟ್ಟಿಗೆ ಬಿರುಕು ಬಿಟ್ಟಿದೆಯೇ, ಹೊಟ್ಟೆ ಉಬ್ಬಿದೆಯೇ, ಟರ್ಮಿನಲ್ ಅಲುಗಾಡುತ್ತದೆಯೇ ಎಂದು ತಿರುಗಿಸಿ ನೋಡಿದರು. ಉಬ್ಬಿದ್ದನ್ನು ಚಾರ್ಜಿಗೆ ಹಾಕುವ ಮಾತೇ ಇಲ್ಲ, ಎಷ್ಟು ಬೇಡಿಕೊಂಡರೂ ಇಲ್ಲ. ಪಕ್ಕದ ತೊಟ್ಟಿಯಲ್ಲಿ ಹುಡುಗ ಒಂದು ಕಾರಿನ ಬ್ಯಾಟರಿಯ ಟರ್ಮಿನಲ್ಲಿಗೆ ಹತ್ತಿದ್ದ ಹಸಿರು-ಬಿಳಿ ಪುಡಿಯನ್ನು ಬಿಸಿನೀರು, ಅಡುಗೆ ಸೋಡಾ ಹಾಕಿ ಹಳೆಯ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಸೋಡಾ ಬಿದ್ದಲ್ಲೆಲ್ಲ ನೊರೆಯೆದ್ದು ಚುರ್ರೆನ್ನುತ್ತಿತ್ತು. ಸೆಲ್ಲಿನ ಮುಚ್ಚಳಗಳೆಲ್ಲ ಬಿಗಿಯಾಗಿದ್ದವು. ಸೋಡಾ ಒಳಗೆ ಇಳಿದರೆ ಆ್ಯಸಿಡ್ ಕೆಡುತ್ತದೆ. ಅವನ ಕಣ್ಣಿಗೆ ಕನ್ನಡಕವಿತ್ತು, ಮೈಗೆ ದಪ್ಪ ರಬ್ಬರಿನ ಏಪ್ರನ್ ಇತ್ತು, ಕೈಗೆ ಮಾತ್ರ ಗ್ಲೌಸ್ ಇರಲಿಲ್ಲ. ಗ್ಲೌಸ್ ಮೊಳೆಗೆ ನೇತಾಡುತ್ತಿತ್ತು. ಇದು ನನಗೆ ಸರಿ ಕಾಣಲಿಲ್ಲ, ಹೇಳಿದೆ. ಯಜಮಾನರು ಹುಡುಗನತ್ತ ನೋಡಿದರು. ಅವನು ಎದ್ದು ಹಾಕಿಕೊಂಡ.

ತೊಟ್ಟಿಯ ಪಕ್ಕದ ನಲ್ಲಿಗೆ ಉದ್ದದ ಪೈಪು ಸದಾ ಸಿಕ್ಕಿಸಿರುತ್ತದೆ. ಆ್ಯಸಿಡ್ ಕಣ್ಣಿಗೆ ಹಾರಿದರೆ ರೆಪ್ಪೆ ತೆರೆದು ಕಾಲು ಗಂಟೆ ಹರಿಯುವ ನೀರು ಬಿಡಬೇಕು, ಆಮೇಲೆ ಆಸ್ಪತ್ರೆ. ಸೋಡಾ ನೆಲಕ್ಕೆ, ಕಬ್ಬಿಣಕ್ಕೆ. ಕಣ್ಣಿಗೆ ಎಂದೂ ಅಲ್ಲ.

ಅಲ್ಲೇ ಮೇಜಿನ ಮೇಲೆ ಅಡ್ಡಕ್ಕೆ ಕೊಯ್ದ ಹಳೆಯ ಬ್ಯಾಟರಿಯೊಂದಿತ್ತು, ಗಿರಾಕಿಗಳಿಗೆ ತೋರಿಸಲು. ಒಂದು ಪ್ಲೇಟು ಚಾಕೊಲೇಟ್ ಬಣ್ಣ, ಪಕ್ಕದ್ದು ಬೂದು, ನಡುವೆ ತೆಳು ಸೆಪರೇಟರ್. ಕಂದು ಬಣ್ಣದ್ದು ಪ್ಲಸ್, ಸೀಸದ ಡೈಆಕ್ಸೈಡು. ಬೂದು ಬಣ್ಣದ್ದು ಮೈನಸ್, ಬರೀ ಸೀಸ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿದ್ದೂ ಸೀಸ ಮತ್ತು ಗಂಧಕಾಮ್ಲದ ಇದೇ ಜೋಡಿಯನ್ನು. ಪ್ಲೇಟುಗಳ ತಳದಲ್ಲಿ ಕಾಫಿಪುಡಿಯ ಗಸಿಯಂತೆ ಒಂದು ಪದರ ಕೂತಿತ್ತು. ಪ್ಲೇಟಿನಿಂದ ಉದುರಿದ ಪುಡಿ ಅದು. ಅದು ಏರುತ್ತ ಹೋಗಿ ಎರಡು ಪ್ಲೇಟಿಗೂ ತಾಗಿದರೆ ಸೆಲ್ಲಿಗೆ ಒಳಗೇ ಶಾರ್ಟು.

ಮುಂದಿನ ಹೆಜ್ಜೆ ಹೈಡ್ರೋಮೀಟರ್. ನನಗೆ ಇಡೀ ಅಂಗಡಿಯಲ್ಲಿ ತುಂಬ ಹಿಡಿಸಿದ ಸಾಧನ ಇದೇ. ಗಾಜಿನ ಕೊಳವೆ, ತಲೆಯಲ್ಲಿ ರಬ್ಬರ್ ಬುರುಡೆ, ಒಳಗೆ ತೇಲುವ ಅಳತೆಯ ಕಡ್ಡಿ. ಕಾರಿನ ಬ್ಯಾಟರಿಯ ಆರೂ ಮುಚ್ಚಳ ಬಿಚ್ಚಿ ಯಜಮಾನರು ಒಂದೊಂದೇ ಸೆಲ್ಲಿಗೆ ಮೂತಿ ಇಳಿಸಿ ಆ್ಯಸಿಡ್ ಎಳೆದು, ಕೊಳವೆಯನ್ನು ನೆಟ್ಟಗೆ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು ಓದಿದರು. ಕಡ್ಡಿ ಗಾಜಿಗೆ ಅಂಟಿದ್ದರೆ ಬೆರಳಿಂದ ಮೆಲ್ಲಗೆ ತಟ್ಟುತ್ತಿದ್ದರು. “ಟ್ವೆಲ್ ಫಿಫ್ಟಿ, ಟ್ವೆಲ್ ಫಾರ್ಟಿ ಫೈವ್, ಇಲೆವೆನ್ ಸೆವೆಂಟಿ...” ಹುಡುಗ ಬರೆದುಕೊಳ್ಳುತ್ತಿದ್ದ. ಅಂದರೆ 1.250, 1.245, 1.170. ಆ್ಯಸಿಡ್ ನೀರಿಗಿಂತ ಎಷ್ಟು ಭಾರ ಎಂಬ ಲೆಕ್ಕ ಇದು. ಚಾರ್ಜು ಇಳಿದಂತೆ ಆ್ಯಸಿಡ್ ಪ್ಲೇಟಿಗೆ ಸೇರಿ ಉಳಿದದ್ದು ತೆಳ್ಳಗಾಗುತ್ತದೆ, ಕಡ್ಡಿ ಮುಳುಗುತ್ತದೆ. ನಮ್ಮಂಥ ಬಿಸಿಲಿನ ದೇಶದಲ್ಲಿ ತುಂಬಿದ ಬ್ಯಾಟರಿಗೆ 1.240-1.250 ಸಾಕು, ಚಳಿ ದೇಶದಲ್ಲಿ 1.280ರವರೆಗೂ ಇಡುತ್ತಾರೆ. ಬಿಸಿಯಾದ ಆ್ಯಸಿಡ್ ಹಗುರ, ಆದ್ದರಿಂದ 27 ಡಿಗ್ರಿಗಿಂತ ಹತ್ತು ಡಿಗ್ರಿ ಹೆಚ್ಚಿದ್ದರೆ ಓದಿದ ಅಂಕಿಗೆ ಏಳು ಪಾಯಿಂಟು, ಅಂದರೆ 0.007, ಕೂಡಿಸಬೇಕು.

ಐದು ಸೆಲ್ಲು ಹತ್ತಿರ ಹತ್ತಿರ, ಒಂದು ಮಾತ್ರ ಎಪ್ಪತ್ತೈದು-ಎಂಬತ್ತು ಪಾಯಿಂಟು ಕೆಳಗೆ. ಐವತ್ತು ದಾಟಿದರೆ ಅನುಮಾನಿಸಬೇಕು ಎಂಬುದು ರೂಢಿಯ ನಿಯಮ. ಮಲ್ಟಿಮೀಟರಿನಲ್ಲಿ ಈ ಬ್ಯಾಟರಿ ತಕ್ಕಮಟ್ಟಿಗೆ ಚೆನ್ನಾಗಿಯೇ ಕಂಡಿತ್ತು. ಈಗಿನ ಸೀಲ್ಡ್ ಬ್ಯಾಟರಿಗಳಲ್ಲಿ ಹೀಗೆ ಒಳಗೆ ಇಣುಕಲು ಆಗುವುದಿಲ್ಲ. ಕೆಲವಕ್ಕೆ ಹಸಿರು ತೋರಿಸುವ ಪುಟ್ಟ ಕಣ್ಣು ಇರುತ್ತದೆ, ಆದರೆ ಅದು ನೋಡುವುದು ಒಂದೇ ಸೆಲ್ಲನ್ನು. ಹಸಿರಿದೆ ಎಂದ ಮಾತ್ರಕ್ಕೆ ಉಳಿದ ಐದೂ ಚೆನ್ನಾಗಿವೆ ಎಂದೇನಲ್ಲ.

ನೀರಿನ ಮಟ್ಟ ಇಳಿದ ಸೆಲ್ಲುಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕಿದರು. ಪ್ಲೇಟು ಮುಳುಗುವಷ್ಟು ಮಾತ್ರ ಈಗ. ಪೂರ್ತಿ ಮಟ್ಟಕ್ಕೆ ತರುವುದು ಚಾರ್ಜು ಆದ ಮೇಲೆ, ಏಕೆಂದರೆ ಚಾರ್ಜಾಗುವಾಗ ನೀರು ಉಬ್ಬಿ ಮೇಲೇರುತ್ತದೆ. ಮನೆಯ ಫಿಲ್ಟರ್ ನೀರು ಹಾಕಿಕೊಂಡು ಬರುವವರು ಬಹಳ ಮಂದಿ ಎಂದು ಬೇಸರದಿಂದ ಹೇಳಿದರು. ಕುಡಿಯುವ ನೀರಿನಲ್ಲಿ ಕಬ್ಬಿಣ, ಕ್ಲೋರಿನ್ ಉಳಿದಿರುತ್ತವೆ. ಪ್ಲೇಟು ಅದನ್ನು ತಾಳದು. ಹಾಗೆಯೇ, ಆ್ಯಸಿಡ್ ಕಮ್ಮಿಯಾಗಿದೆ ಎಂದು ಆ್ಯಸಿಡ್ಡನ್ನೇ ಸುರಿಯುವವರೂ ಇದ್ದಾರೆ. ಆವಿಯಾಗಿ ಹೋಗುವುದು ನೀರು ಮಾತ್ರ. ಚೆಲ್ಲದಿದ್ದರೆ ಆ್ಯಸಿಡ್ ಒಳಗೇ ಇರುತ್ತದೆ.

ಒಳಗಿನ ಗೋಡೆಗುಂಟ ಮರದ ಉದ್ದ ಬೆಂಚು, ಮೇಲೆ ರಬ್ಬರ್ ಹಾಸು. ಅದರ ಮೇಲೆ ಚಾರ್ಜಿಗಿಟ್ಟ ಬ್ಯಾಟರಿಗಳು. ತಲೆಯೆತ್ತಿ ನೋಡಿದರೆ ಶೀಟಿನ ಮಾಡಿಗೂ ಗೋಡೆಗೂ ನಡುವೆ ಉದ್ದಕ್ಕೂ ಗೇಣಗಲದ ಸಂದು ಬಿಟ್ಟು ಜಾಲರಿ ಹೊಡೆದಿದ್ದರು. ಹೈಡ್ರೋಜನ್ ಗಾಳಿಗಿಂತ ಬಹಳ ಹಗುರ, ಮೇಲಕ್ಕೇ ಏರುತ್ತದೆ; ಕಿಟಕಿ ಎಷ್ಟೇ ದೊಡ್ಡದಿದ್ದರೂ ಮಾಡಿನ ಕೆಳಗೆ ದಾರಿಯಿಲ್ಲದಿದ್ದರೆ ಅಲ್ಲೇ ಕೂರುತ್ತದೆ. ಸ್ವಿಚ್ ಬೋರ್ಡು ಬೆಂಚಿನಿಂದ ದೂರ, ಬಾಗಿಲ ಪಕ್ಕದಲ್ಲಿದೆ.

ಇಲ್ಲಿ ಹುಡುಗನ ಕೆಲಸವನ್ನು ನಾನು ಗಮನವಿಟ್ಟು ನೋಡಿದೆ. ಚಾರ್ಜರ್ ಆಫ್ ಇದೆ ಎಂದು ಮೊದಲು ಖಾತ್ರಿ ಮಾಡಿಕೊಂಡ. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಹಾಕಿ, ಎರಡನ್ನೂ ಹಿಡಿದು ಸ್ವಲ್ಪ ತಿರುವಿದ, ಸೀಸಕ್ಕೆ ಕಚ್ಚಿಕೊಳ್ಳಲಿ ಎಂದು. ಆಮೇಲೆ ಬಾಗಿಲ ಬಳಿ ಹೋಗಿ ಸ್ವಿಚ್ ಹಾಕಿದ. ತೆಗೆಯುವಾಗಲೂ ಮೊದಲು ಸ್ವಿಚ್, ಆಮೇಲೆ ಕ್ಲಿಪ್ಪು. ಚಾರ್ಜು ತುಂಬಿದ ಬ್ಯಾಟರಿಯಿಂದ ಸ್ವಿಚ್ ಹಾಕಿದ್ದಾಗಲೇ ಕ್ಲಿಪ್ಪು ಕಿತ್ತರೆ ಕಿಡಿ ಹಾರುವುದು ಗ್ಯಾಸ್ ಇರುವ ಜಾಗದಲ್ಲೇ.

ಕರೆಂಟು ಎಷ್ಟು? ಬ್ಯಾಟರಿಯ ಆಂಪಿಯರ್-ಅವರಿನ ಹತ್ತನೇ ಒಂದು ಪಾಲು. ಚಿಕ್ಕ ಕಾರಿನ 35ಕ್ಕೆ ಮೂರೂವರೆ ಆಂಪಿಯರ್. ಸ್ಕೂಟರಿನ 4ಕ್ಕೆ ಅರ್ಧ ಆಂಪಿಯರ್ ಸಹ ಇಲ್ಲ. ಒಂದೇ ಅಳತೆಯ ಕಾರಿನ ಬ್ಯಾಟರಿಗಳನ್ನು ಪ್ಲಸ್ಸಿಗೆ ಮೈನಸ್ ಸೇರಿಸಿ ಸರಣಿಯಲ್ಲಿ ಒಂದೇ ಚಾರ್ಜರಿಗೆ ಕೊಟ್ಟಿದ್ದರು. ಸ್ಕೂಟರಿನವಕ್ಕೆ ಬೇರೆ, ಚಿಕ್ಕ ಚಾರ್ಜರುಗಳು. ಪೂರ್ತಿ ಇಳಿದ ಬ್ಯಾಟರಿಗೆ ಈ ಲೆಕ್ಕದಲ್ಲಿ ಹತ್ತು ಗಂಟೆಯ ಮೇಲೆಯೇ ಬೇಕು. ಅಂಗಡಿಯ ಇಡೀ ಜಗಳ ನಡೆಯುವುದು ಇಲ್ಲಿಯೇ. ಗಿರಾಕಿಗೆ ಅರ್ಧ ಗಂಟೆಯಲ್ಲಿ ಬೇಕು. ಜೋರಾಗಿ ಕರೆಂಟು ಬಿಟ್ಟರೆ ಗಾಡಿ ಆ ಕ್ಷಣಕ್ಕೆ ಸ್ಟಾರ್ಟ್ ಆಗುತ್ತದೆ ನಿಜ. ಆದರೆ ಪ್ಲೇಟು ಬಿಸಿಗೆ ಸೊಟ್ಟಗಾಗುತ್ತದೆ, ಪುಡಿ ಉದುರುತ್ತದೆ, ಗ್ಯಾಸೂ ಜಾಸ್ತಿ. ನಾನಿದ್ದಾಗಲೇ ಒಬ್ಬರು “ಅಣ್ಣಾ, ಸ್ವಲ್ಪ ಸ್ಪೀಡಲ್ಲಿ ಹಾಕ್ಕೊಡಿ” ಎಂದು ಒತ್ತಾಯಿಸಿದರು. ಯಜಮಾನರು ಒಪ್ಪಲಿಲ್ಲ, ಬದಲಿಗೆ ಒಂದು ಹಳೆಯ ಬ್ಯಾಟರಿ ಕಟ್ಟಿಕೊಟ್ಟು, ನಾಳೆ ಬಂದು ನಿಮ್ಮದನ್ನು ತೆಗೆದುಕೊಳ್ಳಿ ಎಂದು ಕಳಿಸಿದರು. ಈ ಪದ್ಧತಿ ಎಲ್ಲ ಕಡೆಯೂ ಇದ್ದಿದ್ದರೆ ಎಷ್ಟೋ ಅವಸರದ ಅನಾಹುತ ತಪ್ಪುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸಿತು.

ಚಾರ್ಜಿನಿಂದ ಇಳಿಸಿದವನ್ನು ಕೂಡಲೇ ಕೊಡುವುದಿಲ್ಲ, ಪಕ್ಕದ ಕಟ್ಟೆಯ ಮೇಲೆ ಸುಮ್ಮನೆ ಇಡುತ್ತಾರೆ. ಇದ್ಯಾಕೆಂದು ಮೊದಲು ತಿಳಿಯಲಿಲ್ಲ. ಇಳಿಸಿದ ಕೂಡಲೇ ಮೀಟರ್ 13ರ ಮೇಲೆ ತೋರಿಸುತ್ತದೆ. ಅದು ಪ್ಲೇಟಿನ ಮೇಲ್ಮೈಯ ಚಾರ್ಜು. ಕೆಲವು ಗಂಟೆ ಬಿಟ್ಟು ನೋಡಿದರೆ ನಿಜವಾದ ಅಂಕಿ ಬರುತ್ತದೆ. ಆಮೇಲೆ ಲೋಡ್ ಟೆಸ್ಟರ್: ಕೆಲವು ಸೆಕೆಂಡು ಭಾರೀ ಕರೆಂಟು ಎಳೆಯುವ ಯಂತ್ರ. ಸ್ಟಾರ್ಟರ್ ಮೋಟಾರು ಮಾಡುವ ಕೆಲಸವನ್ನೇ ಇದು ಮೇಜಿನ ಮೇಲೆ ಮಾಡುತ್ತದೆ. ಹದಿನೈದು ಸೆಕೆಂಡು ಎಳೆದರೂ ಮುಳ್ಳು 9.6ಕ್ಕಿಂತ ಕೆಳಗೆ ಬೀಳದಿದ್ದರೆ ಪಾಸು. ಚಾರ್ಜಿಲ್ಲದ ಬ್ಯಾಟರಿಗೆ ಈ ಪರೀಕ್ಷೆ ಮಾಡಿ ‘ಹೋಗಿದೆ’ ಎಂದು ಹೊಸದು ಮಾರುವುದು ಮೋಸ ಎಂದು ಯಜಮಾನರು ನೇರವಾಗಿಯೇ ಹೇಳಿದರು.

ಹಿಂದಿನ ಮೂಲೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಪ್ಯಾಕೊಂದು ಒಂಟಿಯಾಗಿತ್ತು. ಅದಕ್ಕೆ ಇಲ್ಲಿನ ಯಾವ ಚಾರ್ಜರೂ ಆಗದು. ಸೀಸದ ಬ್ಯಾಟರಿಯ ಚಾರ್ಜರಿಗೆ ಹಾಕಿದರೆ ಬೆಂಕಿಯ ಭಯ. ಅದನ್ನು ಬಿಚ್ಚುವುದೂ ಇಲ್ಲ, ಕಂಪನಿಯ ಸರ್ವಿಸಿಗೆ ಕಳಿಸುತ್ತಾರೆ.

ಸತ್ತ ಬ್ಯಾಟರಿಗಳ ರಾಶಿ ಪ್ಲಾಸ್ಟಿಕ್ ಟ್ರೇಗಳಲ್ಲಿ, ಎಲ್ಲವೂ ನೆಟ್ಟಗೆ, ಮುಚ್ಚಳ ಬಿಗಿದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆ ಘಟಕಕ್ಕೇ ಸೇರಬೇಕು. ಗುಜರಿಯವರು ನಾಲ್ಕು ಕಾಸು ಹೆಚ್ಚು ಕೊಟ್ಟಾರು, ಆದರೆ ಒಡೆದು ಆ್ಯಸಿಡ್ಡನ್ನು ಮೋರಿಗೆ ಸುರಿದು ಸೀಸ ಕರಗಿಸುವ ಕಡೆ ಅದರ ಹೊಗೆ ಕುಡಿಯುವವರಲ್ಲಿ ಮಕ್ಕಳೂ ಇರುತ್ತಾರೆ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿಗೆ ಸುರಕ್ಷಿತ ಮಿತಿ ಎಂಬುದೇ ಇಲ್ಲ.

ಹೊರಗೆ ಬಂದಾಗ ಹಿಂದಿನ ದಿನ ಚಾರ್ಜಿಗೆ ಬಿಟ್ಟಿದ್ದ ಕಾರಿನವರು ಬಂದಿದ್ದರು. ಬ್ಯಾಟರಿ ಲೋಡ್ ಟೆಸ್ಟಿನಲ್ಲಿ ಪಾಸಾಗಿತ್ತು, ಅವರು ಮಾತ್ರ ಹೊಸದಕ್ಕೆ ದುಡ್ಡು ತಂದಿದ್ದರು. ಯಜಮಾನರು ಅದನ್ನೇ ಕೂರಿಸಿ, ಇಂಜಿನ್ ಓಡುತ್ತಿರುವಾಗ ಟರ್ಮಿನಲ್ಲಿಗೆ ಮೀಟರ್ ಹಿಡಿದರು. 13.8ರಿಂದ 14.4ರೊಳಗೆ ಇರಬೇಕಾದ್ದು 12.5 ಇತ್ತು, ಹೆಡ್‌ಲೈಟ್ ಹಾಕಿದಾಗ ಇನ್ನೂ ಇಳಿಯಿತು. ಗಾಡಿಯ ಆಲ್ಟರ್ನೇಟರೇ ಚಾರ್ಜು ಕೊಡುತ್ತಿರಲಿಲ್ಲ. ಚೀಟಿಯಲ್ಲಿ ‘ಬ್ಯಾಟರಿ ಓಕೆ, ಚಾರ್ಜಿಂಗ್ ಇಲ್ಲ’ ಎಂದು ಬರೆದು ಕೊಟ್ಟು, ಚಾರ್ಜಿಂಗ್‌ನ ದುಡ್ಡು ಮಾತ್ರ ಪಡೆದು, ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಈಗಲೇ ಹೋಗಿ, ದಾರಿಯಲ್ಲಿ ಎಲ್ಲೂ ಇಂಜಿನ್ ಆಫ್ ಮಾಡಬೇಡಿ ಎಂದರು.