ಅರಕು ಕಾಫಿ ಪ್ರವಾಸ: ಪ್ಯಾಕೆಟ್ ಮೇಲಿನ ಹೆಸರು ಊರಿನದು, ಹಣ ಯಾರದು? ಖರೀದಿಗೆ ಮುನ್ನ ತಿಳಿಯಬೇಕಾದ ಸಂಗತಿಗಳು

ವಿಶಾಖಪಟ್ಟಣ: ನವೆಂಬರ್ ಬಂತೆಂದರೆ ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಹೊರಡುವ ಪ್ರವಾಸಿಗರ ಸಂಖ್ಯೆ ಏರುತ್ತದೆ. ಅದೇ ಹೊತ್ತಿಗೆ ಅಲ್ಲಿ ಕಾಫಿ ಹಣ್ಣು ಕೆಂಪಾಗಿ ಕೊಯ್ಲು ಶುರುವಾಗುತ್ತದೆ. ಮರಳುವವರ ಬ್ಯಾಗಿನಲ್ಲಿ ಒಂದೆರಡು ಪ್ಯಾಕೆಟ್ ಕಾಫಿ ಪುಡಿ ಇದ್ದೇ ಇರುತ್ತದೆ. ಆದರೆ 'ಅರಕು' ಎಂದು ಬರೆದದ್ದೆಲ್ಲ ಅರಕು ಕಾಫಿಯೇ? ಆ ಹಣ ಬೆಳೆದವರ ಕೈ ಸೇರುತ್ತದೆಯೇ? ಇಲ್ಲಿದೆ ಮಾಹಿತಿ.

ಊರಿನ ಹೆಸರಿಗೆ ಏಕೆ ರಕ್ಷಣೆ?

ಒಂದು ಪಾನೀಯದಿಂದಲೇ ಜಗತ್ತಿಗೆ ಪರಿಚಿತವಾದ ಪುಟ್ಟ ಊರುಗಳಿವೆ. ಹಂಗೇರಿಯ ಟೋಕಾಯ್ ಅಂಥದ್ದು. ಅಲ್ಲಿನ ಸಿಹಿ ವೈನ್ ಎಷ್ಟು ಹೆಸರಾಗಿತ್ತೆಂದರೆ, ಯಾವ ಯಾವ ಹಳ್ಳಿಗಳ ವೈನ್ ಆ ಹೆಸರು ಬಳಸಬಹುದು ಎಂದು 1737ರಲ್ಲೇ ರಾಜಾಜ್ಞೆ ಹೊರಟಿತ್ತು. ಆ ಪ್ರದೇಶ 2002ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಭಾರತದಲ್ಲಿ ಈ ಕೆಲಸ ಮಾಡುವುದು ಜಿಐ ಟ್ಯಾಗ್, ಅಂದರೆ ಭೌಗೋಳಿಕ ಸೂಚಕ. ಅರಕು ಅರೇಬಿಕಾಗೆ 2019ರಲ್ಲಿ ಈ ಮಾನ್ಯತೆ ಸಿಕ್ಕಿತು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ವಯನಾಡು ರೊಬಸ್ಟಾಗೂ ಅದೇ ವರ್ಷ ಜಿಐ ದೊರೆತಿದೆ.

ಹೋಗುವುದು ಹೇಗೆ?

ವಿಶಾಖಪಟ್ಟಣದಿಂದ ಅರಕು ಸುಮಾರು 115 ಕಿ.ಮೀ. ದೂರ. ಕಿರಂದೂಲ್ ಪ್ಯಾಸೆಂಜರ್ ರೈಲು ಬೆಳಗ್ಗೆ 7 ಗಂಟೆಗೆ ಮುನ್ನವೇ ಹೊರಡುವುದರಿಂದ, ಎಂವಿಪಿ ಕಾಲೋನಿಯಂಥ ಕಡಲತೀರದ ಕಡೆಯ ಬಡಾವಣೆಗಳಲ್ಲಿ ಉಳಿದವರು ನಸುಕಿನಲ್ಲೇ ಹೊರಡಬೇಕು. ಬೈಲಾಡಿಲಾದ ಕಬ್ಬಿಣದ ಅದಿರನ್ನು ಬಂದರಿಗೆ ತರಲು 1960ರ ದಶಕದಲ್ಲಿ ಹಾಕಿದ ಮಾರ್ಗವಿದು. ಸುರಂಗಗಳು, ಬೊರ್ರಾ ಗುಹೆಗಳು ದಾರಿಯಲ್ಲೇ ಸಿಗುತ್ತವೆ. ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗೆ ಮುಂಗಡ ಬುಕಿಂಗ್ ಒಳ್ಳೆಯದು. ಹೊರಡುವ ಮುನ್ನ ರೈಲಿನ ಸಮಯ ಖಚಿತಪಡಿಸಿಕೊಳ್ಳಬೇಕು. ರಸ್ತೆಯಲ್ಲಿ ಹೋದರೆ ಅನಂತಗಿರಿ ಘಾಟಿಯ ಇಕ್ಕೆಲದಲ್ಲೂ ಕಾಫಿ ತೋಟಗಳು ಕಾಣುತ್ತವೆ.

ಮಲೆನಾಡಿನ ತೋಟಗಳಿಗಿಂತ ಭಿನ್ನ ಹೇಗೆ?

ಕೊಡಗು, ಚಿಕ್ಕಮಗಳೂರಿನಂತೆ ಇಲ್ಲಿ ದೊಡ್ಡ ಎಸ್ಟೇಟ್ ಬಂಗಲೆಗಳನ್ನು ಹುಡುಕಿದರೆ ನಿರಾಸೆಯಾದೀತು. ಅರಕು ಇರುವುದು ಅಲ್ಲೂರಿ ಸೀತಾರಾಮರಾಜು ಜಿಲ್ಲೆಯ ಪರಿಶಿಷ್ಟ ಪ್ರದೇಶದಲ್ಲಿ. 1970ರಲ್ಲಿ ಬಿಗಿಗೊಳಿಸಿದ ಭೂ ವರ್ಗಾವಣೆ ನಿಯಮದಂತೆ ಇಲ್ಲಿನ ಜಮೀನನ್ನು ಆದಿವಾಸಿಗಳಲ್ಲದವರಿಗೆ ಮಾರುವಂತಿಲ್ಲ. ಹೀಗಾಗಿ ಹೆಚ್ಚಿನ ಕಾಫಿ ಆದಿವಾಸಿ ಕುಟುಂಬಗಳ ಒಂದೆರಡು ಎಕರೆಯ ತುಂಡು ಜಮೀನಿನಲ್ಲಿ, ಸಿಲ್ವರ್ ಓಕ್ ಮರಗಳ ನೆರಳಲ್ಲಿ ಬೆಳೆಯುತ್ತದೆ. ಆ ಮರಗಳಿಗೇ ಕಾಳುಮೆಣಸಿನ ಬಳ್ಳಿ. ಕಾಫಿ ಮತ್ತು ಮೆಣಸು ಈ ಕುಟುಂಬಗಳ ಕೈಗೆ ನಗದು ತರುವ ಬೆಳೆಗಳು.

ಪ್ಯಾಕೆಟ್‌ನಲ್ಲಿ ಏನು ನೋಡಬೇಕು?

* ಯಾರ ಉತ್ಪನ್ನ: ಆಂಧ್ರಪ್ರದೇಶ ಸರ್ಕಾರದ ಗಿರಿಜನ ಸಹಕಾರ ನಿಗಮ, ಅಂದರೆ ಜಿಸಿಸಿ, ಆದಿವಾಸಿ ರೈತರಿಂದ ನೇರವಾಗಿ ಕಾಫಿ ಖರೀದಿಸಿ ತನ್ನ ಹೆಸರಿನಲ್ಲಿ ಮಾರುತ್ತದೆ. ಇದರ ಕೇಂದ್ರ ಕಚೇರಿಯೂ ವಿಶಾಖಪಟ್ಟಣದಲ್ಲೇ ಇದೆ. ನಾಂದಿ ಫೌಂಡೇಶನ್ ಜೊತೆ ಬೆಳೆಗಾರರು ಕಟ್ಟಿದ 'ಅರಕು' ಬ್ರ್ಯಾಂಡ್ 2017ರಲ್ಲಿ ಪ್ಯಾರಿಸ್‌ನಲ್ಲಿ ಮಳಿಗೆ ತೆರೆದಿತ್ತು.
* ಚಿಕೋರಿ ಎಷ್ಟು: ಮಿಶ್ರಣದ ಪ್ರಮಾಣವನ್ನು ಲೇಬಲ್ ಮೇಲೆ ನಮೂದಿಸುವುದು ಕಡ್ಡಾಯ. ಅದಿಲ್ಲದ ಬಿಡಿ ಪುಡಿಯನ್ನು ಹೆಸರು ನೋಡಿ ಕೊಳ್ಳಬೇಡಿ.
* ರುಚಿ: ಚಿಕೋರಿ ಬೆರೆತ ಫಿಲ್ಟರ್ ಕಾಫಿಗೆ ಒಗ್ಗಿದವರಿಗೆ ಶುದ್ಧ ಅರೇಬಿಕಾ ತೆಳುವೆನಿಸಬಹುದು, ತುಸು ಹುಳಿಯೂ ಇರುತ್ತದೆ. ಅದು ಕಲಬೆರಕೆಯಲ್ಲ. ಹಾಲು ಕಡಿಮೆ ಹಾಕಿ ಕುಡಿದರೆ ವ್ಯತ್ಯಾಸ ತಿಳಿಯುತ್ತದೆ.

ತೋಟದಲ್ಲಿ ಏನು ಮಾಡಬಾರದು?

ಕರ್ನಾಟಕದ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಬೆರ್ರಿ ಬೋರರ್ ಎಂಬ ಕಾಯಿಕೊರಕ ಕೀಟ 2025ರಲ್ಲಿ ಅರಕು ಭಾಗದಲ್ಲೂ ಪತ್ತೆಯಾಯಿತು. ಇದು ಹಣ್ಣಿನೊಳಗೆ ಕೊರೆದು ಬೀಜವನ್ನೇ ತಿನ್ನುತ್ತದೆ. ಕೀಟ ತಗುಲಿದ ಬೀಜ, ಗೋಣಿಚೀಲಗಳ ಮೂಲಕ ಊರಿಂದೂರಿಗೆ ಹರಡುತ್ತದೆ. ಆದ್ದರಿಂದ ನೆನಪಿಗೆಂದು ಕಾಫಿ ಹಣ್ಣು ಕಿತ್ತು ತರುವುದು, ಹುರಿಯದ ಬೀಜ ಕೊಂಡೊಯ್ಯುವುದು ಬೇಡ. ಕೊಡಗು, ಚಿಕ್ಕಮಗಳೂರು ಕಡೆಯಿಂದ ಹೋಗುವವರು ತೋಟದಲ್ಲಿ ಬಳಸಿದ ಚೀಲಗಳನ್ನು ಒಯ್ಯಬಾರದು. ರಸ್ತೆ ಬದಿಯ ತೋಟವೂ ಒಬ್ಬರ ಜಮೀನು. ಒಳಗೆ ಕಾಲಿಡುವ ಮುನ್ನ, ಕೊಯ್ಲು ಮಾಡುವವರ ಫೋಟೊ ತೆಗೆಯುವ ಮುನ್ನ ಅನುಮತಿ ಕೇಳಬೇಕು.