ನಿವೃತ್ತರ ಬೇಸಿಗೆ: ಕೈತೋಟ, ಚಿತ್ರ, ತಿರುಗಾಟ

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ಏಪ್ರಿಲ್‌-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಆಗ ಮನೆಯ ಹಿರಿಯರಿಗೆ “ನೀವು ಸುಮ್ಮನೆ ಒಳಗೆ ಕೂತಿರಿ” ಎಂದು ಮಕ್ಕಳು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಗಣಿ, ಕಾರ್ಖಾನೆ, ಕಚೇರಿ, ಶಾಲೆಗಳಲ್ಲಿ ಮೂವತ್ತು ವರ್ಷ ದುಡಿದವರು ಎರಡು ತಿಂಗಳು ಕುರ್ಚಿ ಬಿಟ್ಟು ಏಳದಿದ್ದರೆ ಕಾಲಿನ ಬಲ ಕುಗ್ಗುತ್ತದೆ, ರಕ್ತದಲ್ಲಿ ಸಕ್ಕರೆ ಏರಬಹುದು, ನಿದ್ರೆ ಕೆಡುತ್ತದೆ, ಮನಸ್ಸು ಮಂಕಾಗುತ್ತದೆ. ಆದ್ದರಿಂದ ಇಷ್ಟದ ಹವ್ಯಾಸವನ್ನು ನಿಲ್ಲಿಸಬೇಡಿ, ಅದರ ವೇಳೆ ಬದಲಿಸಿ. ಬೆಳಿಗ್ಗೆ 9ರ ಒಳಗೆ ಅಥವಾ ಸಂಜೆ 5ರ ನಂತರ ಹೊರಗಿನ ಕೆಲಸ ಇಟ್ಟುಕೊಳ್ಳಿ.

ಕೈತೋಟ

ನಾಲ್ಕು ಕುಂಡಗಳಿದ್ದರೂ ಸಾಕು. ಮಲ್ಲಿಗೆ, ದಾಸವಾಳ, ತುಳಸಿ, ಪುದೀನ ಯಾವುದಾದರೂ ಆಗುತ್ತದೆ. ಬೆಳಿಗ್ಗೆಯೇ ನೀರು ಹಾಕಿ, ಬುಡಕ್ಕೆ ಒಣಗಿದ ಎಲೆ ಹೊದಿಸಿದರೆ ತೇವ ಬೇಗ ಆರುವುದಿಲ್ಲ. ತುಂಬಿದ ಬಕೆಟ್ ಎತ್ತುವ ಬದಲು ತಂಬಿಗೆಯಲ್ಲಿ ಸ್ವಲ್ಪ ಸ್ವಲ್ಪ ಹಾಕಿ. ಬಗ್ಗಿ ಕೆಲಸ ಮಾಡುವುದಕ್ಕಿಂತ ಸ್ಟೂಲಿನ ಮೇಲೆ ಕುಳಿತು ಮಾಡುವುದು ಒಳ್ಳೆಯದು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ತಟ್ಟನೆ ಎದ್ದರೆ ತಲೆ ಸುತ್ತಬಹುದು, ನಿಧಾನವಾಗಿ ಏಳಿ. ಕುಂಡ, ಕಲ್ಲು ಸರಿಸುವ ಮೊದಲು ಕೋಲಿನಿಂದ ತಟ್ಟಿ ನೋಡಿ, ಅಡಿಯಲ್ಲಿ ಚೇಳು ಇರಬಹುದು. ಕುಂಡದ ತಟ್ಟೆಯಲ್ಲಿ ನೀರು ನಿಂತರೆ ಡೆಂಗ್ಯೂ ಸೊಳ್ಳೆ ಬೆಳೆಯುತ್ತದೆ; ವಾರಕ್ಕೊಮ್ಮೆಯಾದರೂ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯಿರಿ.

ಚಿತ್ರ

ಮಧ್ಯಾಹ್ನದ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಜೊತೆ ಬೇರೆ ಇಲ್ಲ. ಒಂದು ಪೆನ್ಸಿಲ್, ಮೊಮ್ಮಕ್ಕಳ ಹಳೆಯ ಡ್ರಾಯಿಂಗ್ ಪುಸ್ತಕ ಇದ್ದರೆ ಆಯಿತು. ಬೆಳಿಗ್ಗೆ ಕಂಡ ಬಂಡೆ, ಬಾಳೆಗಿಡ, ಮಂಟಪವನ್ನು ಮನೆಯ ನೆರಳಲ್ಲಿ ಕುಳಿತು ಬರೆಯಿರಿ. ಚೆನ್ನಾಗಿ ಬರಲೇಬೇಕೆಂದಿಲ್ಲ. ಇದರಿಂದ ಇನ್ನೊಂದು ಉಪಯೋಗವೂ ಉಂಟು. ನೋಡುವಾಗ ಮಂಟಪದ ನೇರ ಕಂಬ ಡೊಂಕಾಗಿ ಕಂಡರೆ ಅಥವಾ ನೋಟದ ನಡುವೆ ಕಪ್ಪು ಮಚ್ಚೆ ಕಂಡರೆ ಕನ್ನಡಕದ ದೋಷವೆಂದು ಸುಮ್ಮನಿರಬೇಡಿ. ಕಣ್ಣಿನ ಹಿಂಪರದೆಯ ತೊಂದರೆ ಇರಬಹುದು. ಬೇಗ ಕಣ್ಣಿನ ವೈದ್ಯರಿಗೆ ತೋರಿಸಿ.

ತಿರುಗಾಟ

ದೂರ ಹೋಗಬೇಕಾಗಿಲ್ಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಉದ್ಯಾನ, ಕಂಪ್ಲಿಯ ಹೊಳೆದಂಡೆ, ಸಂಡೂರಿನ ನಾರಿಹಳ್ಳ ಜಲಾಶಯ, ಹಂಪಿಯ ಹೇಮಕೂಟ ಎಲ್ಲವೂ ಅರ್ಧ ದಿನದ ದಾರಿ. ಸಂಡೂರಿನ ಕಡೆ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಧೂಳು ಹೆಚ್ಚು. ದಮ್ಮು ಇರುವವರು ಇನ್‌ಹೇಲರ್ ಜೇಬಿನಲ್ಲೇ ಇಟ್ಟುಕೊಳ್ಳಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹೊಳೆಯ ಪಾಚಿಗಲ್ಲಿನ ಮೇಲೆ ಕಾಲಿಡಬೇಡಿ.

ಸಕ್ಕರೆ ಕಾಯಿಲೆಯವರು ಇದನ್ನು ತಪ್ಪದೆ ಓದಿ

ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದರೆ ಪಾದದ ನರ ಮರಗಟ್ಟಿ, ಬಿಸಿ, ನೋವು ತಿಳಿಯುವುದಿಲ್ಲ. ಹಂಪಿಯ ದೇವಸ್ಥಾನಗಳಲ್ಲಿ ಚಪ್ಪಲಿ ಬಿಟ್ಟು ನಡೆಯಬೇಕು. ಮಧ್ಯಾಹ್ನದ ಹಾಸುಗಲ್ಲು ಕಾದ ಹೆಂಚಿನಂತಿರುತ್ತದೆ. ಪಕ್ಕದವರು ಕುಣಿದಾಡುವಾಗ ನಿಮಗೆ ಏನೂ ಅನಿಸದಿದ್ದರೆ ಅದು ಗಟ್ಟಿತನವಲ್ಲ, ಕಾಯಿಲೆಯ ಲಕ್ಷಣ. ಸುಟ್ಟ ಬೊಬ್ಬೆ ಗೊತ್ತಾಗದೆ ಹುಣ್ಣಾಗಿ, ಕೊಳೆತು, ಬೆರಳನ್ನೋ ಪಾದವನ್ನೋ ತೆಗೆಯುವ ಹಂತಕ್ಕೂ ಹೋಗಬಹುದು. ಕಲ್ಲು ಕಾಯುವ ಮೊದಲೇ ದರ್ಶನ ಮುಗಿಸಿ, ದಪ್ಪ ಹತ್ತಿ ಕಾಲುಚೀಲ ಜೊತೆಗಿರಲಿ. ಮನೆಗೆ ಬಂದ ಕೂಡಲೇ ಅಂಗಾಲು ನೋಡಿಕೊಳ್ಳಿ. ಕಣ್ಣು ಮಂಜಾಗಿದ್ದರೆ ಮನೆಯವರು ನೋಡಲಿ. ಬೊಬ್ಬೆ ಇದ್ದರೆ ಒಡೆಯಬೇಡಿ, ಪೇಸ್ಟ್, ಸುಣ್ಣ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಬನ್ನಿ. ಕೈತೋಟದಲ್ಲೂ ಬರಿಗಾಲು ಬೇಡ. ಹೊರಗೆ ಹೋಗುವಾಗ ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ಇನ್ಸುಲಿನ್ ಅನ್ನು ಕಾರಿನಲ್ಲಿ ಬಿಡಬೇಡಿ, ಬಿಸಿಗೆ ಅದು ಕೆಡುತ್ತದೆ.

ನೀರು

ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ಬಾಯಾರುವವರೆಗೆ ಕಾಯದೆ ಆಗಾಗ ನೀರು, ತೆಳುವಾದ ಮಜ್ಜಿಗೆ ಕುಡಿಯಿರಿ. ಬಿ.ಪಿ. ಇರುವವರು ಮಜ್ಜಿಗೆಗೆ ಉಪ್ಪು ಹಾಕಬೇಡಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯವರು ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನೇ ಕೇಳಿ. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಜೊತೆಗಿರುವವರ ಗಮನಕ್ಕೆ

ಹಿರಿಯರು ಬಿಸಿಲಲ್ಲಿ ತಡವರಿಸಿ ಮಾತನಾಡಿದರೆ, ಗುರುತು ತಪ್ಪಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಿನ ಹೊಡೆತ, ಪ್ರಾಣಕ್ಕೆ ಅಪಾಯ. ಕೂಡಲೇ 108ಕ್ಕೆ ಫೋನ್ ಮಾಡಿ. ವಾಹನ ಬರುವವರೆಗೆ ನೆರಳಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

“ಒಳಗೆ ಕೂತಿರಿ” ಎನ್ನುವ ಮಕ್ಕಳಿಗೆ ಒಂದು ವಿನಂತಿ: ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಂಡು ಹಿರಿಯರ ಜೊತೆ ನೀವೂ ಹೊರಡಿ. ನೀರಿನ ಬಾಟಲಿ, ಛತ್ರಿ ನಿಮ್ಮ ಕೈಯಲ್ಲಿರಲಿ.